ಕೇಳಿಸಿಕೊಳ್ಳಲು ಕಲಿತ ಊರು

ನನ್ನ ಹಳೆಯ ದಿನಚರಿಯಲ್ಲಿ ೨೦೧೧ನೇ ಇಸವಿ ಆಗಸ್ಟ್ ೧೮, ಗುರುವಾರದ ಪುಟ ಒಂದು ಪ್ರಶ್ನೆಯಿಂದ ಮೊದಲಾಗುತ್ತದೆ. ಅಂದು ಪಾಠ ಮುಗಿದ ಮೇಲೆ ವಾಮನಮೂರ್ತಿ ಎಂಬ ಶಿಷ್ಯ ಎಲ್ಲರ ಎದುರಿಗೆ ಎದ್ದು ನಿಂತು ಗುರುಗಳನ್ನು ಕೇಳಿದ:

"ಒಬ್ಬರಲ್ಲಿರುವ ತಪ್ಪನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ, ಹೇಳಿದವನಿಗೆ ದೋಷ ತಟ್ಟುತ್ತದೆಯೇ ಗುರುಗಳೇ? ಒಂದಕ್ಷರ ಸುಳ್ಳು ಸೇರಿಸದೆ ಹೇಳಿದರೂ?"

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದ ಹೊರಗೆ ವಿಮಾನ ನಿಲ್ದಾಣವಿತ್ತು. ರನ್‌ವೇ ಮುಗಿಯುವಲ್ಲಿ ಬೇಲಿ, ಬೇಲಿ ದಾಟಿದರೆ ಒಂದು ಹಳ್ಳಿ. ನಿಲ್ದಾಣ ಕಟ್ಟುವ ಕಾಲಕ್ಕೆ ಆ ಹಳ್ಳಿಯ ಹಿರಿಯರು ಕೋರ್ಟಿಗೆ ಹೋಗಿ ಒಂದು ಕಟ್ಟಳೆ ಮಾಡಿಸಿಕೊಂಡಿದ್ದರು. ಸೂರ್ಯ ಹುಟ್ಟುವ ಮೊದಲು ಐದು ವಿಮಾನಕ್ಕಿಂತ ಹೆಚ್ಚು ಮೇಲೇರಕೂಡದು. ಕಾಗದಪತ್ರಗಳಲ್ಲಿ ಇದನ್ನು ಸ್ಲಾಟ್ ಎಂದು ಬರೆಯುತ್ತಿದ್ದರು. ಜನರ ಬಾಯಲ್ಲಿ ಅದು ಸರದಿ.

ಆ ಐದು ಸರದಿಗೆ ಚಿನ್ನದ ಬೆಲೆ. ಮುಂಜಾನೆಯ ವಿಮಾನ ಹತ್ತಿದವನು ರಾಜಧಾನಿಯಲ್ಲಿ ಕೆಲಸ ಮುಗಿಸಿಕೊಂಡು ಸಂಜೆಗೆ ಮನೆಯಲ್ಲಿರುತ್ತಾನೆ. ವ್ಯಾಪಾರಿಗೆ ಅದೇ ಬೇಕು, ವಕೀಲನಿಗೆ ಅದೇ ಬೇಕು, ದೊಡ್ಡ ಆಸ್ಪತ್ರೆಗೆ ಹೋಗುವ ರೋಗಿಗೂ ಅದೇ ಬೇಕು. ಬಿಸಿಲೇರಿದ ಮೇಲೆ ಹೊರಡುವ ವಿಮಾನ ಅರ್ಧ ತುಂಬಿದರೆ ಪುಣ್ಯ.

ಅಲ್ಲಿ ವಿಮಾನ ಓಡಿಸುವ ವರ್ತಕರು ಇಬ್ಬರಿದ್ದರು. ಹಿರಿಯ ವರ್ತಕನ ಕೈಯಲ್ಲಿ ನಾಲ್ಕು ಸರದಿ. ಕಿರಿಯ ವರ್ತಕನ ಕೈಯಲ್ಲಿ ಒಂದು. ಇಂದಲ್ಲ ನಾಳೆ ಇನ್ನೊಂದು ಸಿಕ್ಕೀತು ಎಂದು ನಂಬಿ ಕಿರಿಯ ವರ್ತಕ ಎರಡನೆಯ ವಿಮಾನವನ್ನೂ ತಂದಿದ್ದ. ಅದು ಬೆಳಗಿನ ಹೊತ್ತೆಲ್ಲ ಕಟ್ಟಿಹಾಕಿದ ಎತ್ತಿನ ಹಾಗೆ ನಿಂತಿರುತ್ತಿತ್ತು. ವರ್ಷದೊಳಗೆ ಸರದಿ ಸಿಗದಿದ್ದರೆ ಅದನ್ನು ಮಾರಬೇಕು. ಮಾರಿದರೆ ಅದನ್ನು ನಂಬಿಕೊಂಡ ಕೆಲಸಗಾರರನ್ನು ಮನೆಗೆ ಕಳುಹಿಸಬೇಕು. ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಹಿರಿಯನ ಸರದಿ ಬಿಡುವಾಗುವ ಲಕ್ಷಣವಿರಲಿಲ್ಲ. ಒಮ್ಮೆ ಪಡೆದ ಸರದಿಯನ್ನು ತಪ್ಪದೆ ಬಳಸುತ್ತಿದ್ದರೆ ಅದು ಪಡೆದವನದೇ ಎಂಬ ನಿಯಮವಿತ್ತು. ಹೀಗಾಗಿ ಹಿರಿಯ ವರ್ತಕ ಜನವಿಲ್ಲದ ದಿನ ಖಾಲಿ ವಿಮಾನವನ್ನೇ ಹಾರಿಸುತ್ತಿದ್ದ. ದೀಪ ಹಚ್ಚಿಕೊಂಡು, ಒಬ್ಬ ಪ್ರಯಾಣಿಕನೂ ಇಲ್ಲದೆ, ವಿಮಾನ ರಾಜಧಾನಿಗೆ ಹೋಗಿ ಬರುತ್ತಿತ್ತು. ಕಿರಿಯ ವರ್ತಕ ಅದನ್ನು ಕಣ್ಣಾರೆ ಕಂಡ. ಅಂದು ಅವನ ಹೊಟ್ಟೆಯಲ್ಲಿ ಬಿದ್ದ ಬೆಂಕಿ ಆರಲಿಲ್ಲ. ಒಂದು ದಿನ ನಿಲ್ದಾಣದ ಮೆಟ್ಟಿಲ ಮೇಲೆ ಹಿರಿಯನನ್ನು ತಡೆದು ಕೇಳಿಯೇ ಬಿಟ್ಟ.

"ಅಣ್ಣಾವ್ರೇ, ಸೀಟಿನ ಮೇಲೆ ಒಬ್ಬ ನರಪಿಳ್ಳೆ ಇಲ್ಲ. ಆ ಒಂದು ಸರದಿ ನನಗೆ ಬಿಟ್ಟುಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?"

ಹಿರಿಯ ವರ್ತಕ ಅವನ ಭುಜ ತಟ್ಟಿದ. "ತಮ್ಮಾ, ನನ್ನ ಸೀಟಿನಲ್ಲಿ ಜನ ಕೂತರೇನು, ಗಾಳಿ ಕೂತರೇನು? ಗಾಳಿಯಾದರೆ ತಿಂಡಿ ಕೇಳೋದಿಲ್ಲ, ಹೊತ್ತಾಯ್ತು ಅಂತ ಬೈಯೋದಿಲ್ಲ. ನಿನಗೆ ಅಷ್ಟು ಆಸೆ ಇದ್ದರೆ ಒಂದು ಟಿಕೆಟ್ ತಗೊಂಡು ಬಾ. ಕಿಟಕಿ ಪಕ್ಕವೇ ಕೂರಿಸ್ತೀನಿ."

ಸುತ್ತ ನಿಂತವರು ನಕ್ಕರು. ಕಿರಿಯ ವರ್ತಕನೂ ನಗುವ ಹಾಗೆ ಮಾಡಿದ. ಮನೆಗೆ ಬಂದು ಕಟ್ಟಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿದ.

ಅದರಲ್ಲಿ ಯಾರೂ ನೆನಪಿಟ್ಟುಕೊಳ್ಳದ ಒಂದು ಮಾತಿತ್ತು. ಬೇಲಿಯಾಚೆ ವಾಸಿಸುವವರು ದೂರು ಕೊಟ್ಟರೆ ಅವರ ಮನೆಯ ಮೇಲೆ ಸದ್ದು ಅಳೆಯುವ ಯಂತ್ರ ಇಡಬೇಕು. ಒಂದು ವಿಮಾನ ಮೂರು ಸಲ ಮಿತಿ ಮೀರಿ ಸದ್ದು ಮಾಡಿದರೆ ಅದರ ಸರದಿ ರದ್ದಾಗಿ, ಕಾದು ನಿಂತ ಮುಂದಿನವನಿಗೆ ಹೋಗಬೇಕು. ಮುಂದಿನವನು ಇವನೇ. ಹಿರಿಯನ ವಿಮಾನಗಳೋ ಹಳೆಯವು, ಮೇಲೇರುವಾಗ ಆಕಾಶ ಸೀಳಿದ ಹಾಗೆ ಕೂಗುತ್ತಿದ್ದವು. ಅಳೆದರೆ ಸಿಕ್ಕಿಬೀಳುವುದು ಖಂಡಿತ. ಆದರೆ ದೂರು ಕೊಡುವವರಿರಲಿಲ್ಲ. ಕೋರ್ಟಿಗೆ ಹೋದ ತಲೆಮಾರು ತೀರಿಹೋಗಿತ್ತು. ಉಳಿದವರಿಗೆ ಆ ಸದ್ದು ಒಗ್ಗಿಹೋಗಿತ್ತು.

ಕಿರಿಯ ವರ್ತಕ ಹಳ್ಳಿಗೆ ಹೋದ. ಬೇಲಿಗೆ ಅಂಟಿಕೊಂಡಂತಿದ್ದ ಮೊದಲ ಮನೆಯಲ್ಲಿ ಮುತ್ತುಗದ ಎಲೆ ಹಚ್ಚುವ ಒಬ್ಬ ಮುದುಕಿ ಇದ್ದಳು. ಒಂಟಿ ಜೀವ. ಜಗಲಿಯ ಮೇಲೆ ಕಡ್ಡಿ ಚುಚ್ಚುತ್ತಾ ಕೂತಿದ್ದಳು.

"ಅಜ್ಜೀ, ಬೆಳಗಿನ ಜಾವದ ವಿಮಾನದಿಂದ ತುಂಬಾ ತೊಂದರೆಯಲ್ಲವೇ?" ಎಂದು ಕೇಳಿದ.

"ಯಾವ ಇಮಾನ ಮಗಾ?"

"ನಿಮ್ಮ ಹೆಂಚಿನ ಮೇಲೇ ಹೋಗುತ್ತದಲ್ಲ!"

"ಹೋಗ್ತದೆ ಅಂತಾರಪ್ಪ. ನಾನೇನು ಕಂಡೆ? ನನ್ನ ಎಬ್ಬಿಸಬೇಕಾದ್ರೆ ಬಿಸಿಲೇ ಬಂದು ಮೂತಿಗೆ ತಿವೀಬೇಕು. ನಮ್ಮನೆಯವ್ರು ಹೊಡೀತಿದ್ದ ಗೊರಕೆ ಮುಂದೆ ನಿನ್ನ ಇಮಾನ ಯಾವ ಲೆಕ್ಕ?"

ಕಿರಿಯ ವರ್ತಕನಿಗೆ ನಗು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ತನ್ನ ಬದುಕೆಲ್ಲ ಈ ಮುದುಕಿಯ ನಿದ್ದೆಯ ಕೆಳಗೆ ಸಿಕ್ಕಿಕೊಂಡಿದೆ ಎನ್ನಿಸಿತು. ಅವನು ಕೆಟ್ಟವನಲ್ಲ. ಲಂಚ ಕೊಡಬಾರದು, ಸುಳ್ಳು ಹೇಳಿಸಬಾರದು ಎಂದು ಗಟ್ಟಿ ಮಾಡಿಕೊಂಡೇ ಮನೆಯಿಂದ ಹೊರಟಿದ್ದ. ಇರುವ ಸದ್ದನ್ನು ಇದೆ ಎಂದು ತೋರಿಸಿಕೊಟ್ಟರೆ ಸಾಕು. ಅದರಲ್ಲಿ ತಪ್ಪೇನು?

"ಅಜ್ಜೀ, ನಾಳೆ ಒಂದು ದಿನ ನನಗಾಗಿ ಬೇಗ ಎದ್ದು ಕೇಳಿ. ಇಲ್ಲದ್ದನ್ನು ಇದೆ ಅನ್ನಬೇಡಿ. ಇದ್ದರೆ ಮಾತ್ರ ಇದೆ ಅನ್ನಿ," ಎಂದ.

ಮಾರನೆಯ ದಿನ ಕತ್ತಲಿರುವಾಗಲೇ ಬಂದು ಅವಳ ಜಗಲಿಯಲ್ಲಿ ಕೂತ. ಮುದುಕಿ ಆಕಳಿಸುತ್ತಾ ಎದ್ದು ಬಂದಳು. ಹಿರಿಯನ ವಿಮಾನ ಮೇಲೇರಿತು.

"ಕೇಳಿಸಿತೇ?"

"ಹೂಂ. ಏನೋ ಹೋಯ್ತು."

ಅವನು ಅವಳ ಅಂಗೈಯನ್ನು ಗೋಡೆಯ ಮೇಲೆ ಇಡಿಸಿದ. ಮುಂದಿನ ವಿಮಾನಕ್ಕೆ ಗೋಡೆ ನಡುಗುವುದನ್ನು ತೋರಿಸಿದ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಕಿಣಿಕಿಣಿ ಎನ್ನುವುದನ್ನು ತೋರಿಸಿದ. ಕೊನೆಗೆ ತನ್ನ ವಿಮಾನ ಹೋದಾಗ, "ಇದು ನನ್ನದು. ಎಷ್ಟು ಮೆತ್ತಗೆ ಹೋಯಿತು ನೋಡಿ," ಎಂದ. ಯಾರದು ಯಾವುದು ಎಂದು ಅವಳಿಗೆ ತಿಳಿಯಬೇಕು. ದೂರು ಸರಿಯಾದ ಕಡೆಗೆ ಹೋಗಬೇಕಲ್ಲ. ಆ ವಾರವೆಲ್ಲ ಅವನು ಬಂದ. ಮೇಷ್ಟರ ಹಾಗೆ ತಾಳ್ಮೆಯಿಂದ ಕಲಿಸಿದ. ಒಂದು ದಿನ ಅವನಿಗಿನ್ನೂ ಏನೂ ಕೇಳಿಸಿರಲಿಲ್ಲ. ಮುದುಕಿ ತಲೆಯೆತ್ತಿ, "ಬಂತು," ಎಂದಳು.

ಕಿರಿಯ ವರ್ತಕ ಹಿಗ್ಗಿಹೋದ.

ದೂರು ಹೋಯಿತು. ಅಧಿಕಾರಿಗಳು ಬಂದು ಮುದುಕಿಯ ಮಾಡಿನ ಮೇಲೆ ಯಂತ್ರ ಇಟ್ಟರು. ಹಿರಿಯನ ಒಂದು ವಿಮಾನ ಮೂರು ಸಲವೂ ಸಿಕ್ಕಿಬಿತ್ತು. ಸರದಿ ರದ್ದಾಗಿ ಕಿರಿಯನಿಗೆ ಬಂತು. ಅವನ ಎರಡನೆಯ ವಿಮಾನ ಮೊದಲ ಬಾರಿಗೆ ಸೂರ್ಯ ಹುಟ್ಟುವ ಮುನ್ನ, ಒಂದು ಸೀಟೂ ಖಾಲಿಯಿಲ್ಲದೆ ಮೇಲೇರಿತು. ಬೇಲಿಯ ಪಕ್ಕದಲ್ಲಿ ನಿಂತು ನೋಡಿದ ಅವನ ಕಣ್ಣು ತುಂಬಿತು. ಅಂದೇ ಮಿಠಾಯಿ ಪೊಟ್ಟಣ ಹಿಡಿದುಕೊಂಡು ಮುದುಕಿಯ ಮನೆಗೆ ಹೋದ.

ಅವಳ ಕಣ್ಣು ಕೆಂಪಾಗಿತ್ತು. ಪೊಟ್ಟಣದ ಕಡೆಗೆ ನೋಡಲಿಲ್ಲ.

"ಮಗಾ, ಇದು ಯಾವಾಗ ನಿಲ್ತದೆ?"

"ಯಾವುದಜ್ಜೀ? ಹಿರಿಯ ವರ್ತಕರದ್ದೊಂದು ಆಗಲೇ ನಿಂತಿತಲ್ಲ."

"ನಿಂದು."

"ನನ್ನದು ಮೆತ್ತಗಿದೆಯಲ್ಲ!"

"ಮೆತ್ತಗೇ ಐತೆ. ಅದಕ್ಕೇ ಕಿವಿ ಕೊಟ್ಟು ಕೇಳಬೇಕಾಗ್ತದೆ," ಎಂದಳು ಮುದುಕಿ. "ಮೊದ್ಲು ನನಗೆ ಇದೊಂದೂ ಗೊತ್ತಿರಲಿಲ್ಲ. ಕಲಿಸಿದೋನು ನೀನು. ಈಗ ಮರೆಸು."

ಮರೆಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಕಿವಿಗೆ ಹತ್ತಿ ತಂದುಕೊಟ್ಟ. ಕಿಟಕಿಗೆ ದಪ್ಪ ಗಾಜು ಹಾಕಿಸಿದ. ಪಟ್ಟಣದ ಡಾಕ್ಟರಿಂದ ನಿದ್ದೆ ಮಾತ್ರೆ ಬರೆಸಿದ. ಮಾತ್ರೆ ನುಂಗಿದರೂ ಆ ಹೊತ್ತಿಗೆ ಮುದುಕಿಗೆ ಎಚ್ಚರವಾಗುತ್ತಿತ್ತು. ಸದ್ದು ಬರುವ ಮೊದಲೇ ಎದ್ದು ಕೂರುತ್ತಿದ್ದಳು. ಬಂದಾಗ ಒಂದು ನಮೂನೆ ಸಂಕಟ, ಬರುವುದು ತಡವಾದರೆ ಇನ್ನೊಂದು ನಮೂನೆ ಸಂಕಟ. ಒಂಟಿಯಾಗಿ ಕೂರಲಾರದೆ ಪಕ್ಕದ ಮನೆಯವಳನ್ನು ಎಬ್ಬಿಸಿ, "ನಿನಗೆ ಕೇಳಿಸ್ತದಾ?" ಎಂದು ಕೇಳತೊಡಗಿದಳು. ಪಕ್ಕದ ಮನೆಯವಳಿಗೂ ಕೇಳಿಸತೊಡಗಿತು.

ಇತ್ತ ಹಿರಿಯ ವರ್ತಕನಿಗೆ ತನ್ನ ಸರದಿ ಹೋದ ದಾರಿ ಯಾವುದೆಂದು ಪತ್ತೆಯಾಯಿತು. ಅವನು ಕೂಗಾಡಲಿಲ್ಲ. ತನ್ನ ಗುಮಾಸ್ತರನ್ನು ಹಳ್ಳಿಯ ಇನ್ನೊಂದು ಕೇರಿಗೆ ಕಳುಹಿಸಿದ. ಅವರು ಜಗಲಿ ಜಗಲಿಯಲ್ಲೂ ಕೂತು, ಕಿರಿಯನ ವಿಮಾನದ ಸಣ್ಣ ಶಿಳ್ಳೆಯನ್ನು ಗುರುತಿಸುವುದು ಹೇಗೆಂದು ಹೇಳಿಕೊಟ್ಟರು. ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಶಿಳ್ಳೆ ಇತ್ತು. ಕಿರಿಯ ವರ್ತಕ ಸುಮ್ಮನಿರಲಾದೀತೇ? ಅವನೂ ತನ್ನವರನ್ನು ಕಳುಹಿಸಿದ. ಒಂದು ಕೇರಿಗೆ ಇವನು ಪಾಠ ಹೇಳಿದರೆ ಇನ್ನೊಂದು ಕೇರಿಗೆ ಅವನು. ವರ್ಷ ತಿರುಗುವುದರೊಳಗೆ ಊರಿಗೆ ಊರೇ ನಸುಕಿನಲ್ಲಿ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತು ಆಕಾಶಕ್ಕೆ ಕಿವಿ ಕೊಡುತ್ತಿತ್ತು. ಹಾಲು ಕರೆಯುವವರ ಕೈ ತೂಕಡಿಸಿತು. ಗಂಡ ಹೆಂಡಿರ ಮಾತು ಬಿರುಸಾಯಿತು. ಮನೆ ಮನೆಯ ಮೇಲೂ ಯಂತ್ರ ಬಂತು.

ಕೊನೆಗೆ ಹಳ್ಳಿಯವರೆಲ್ಲ ಒಟ್ಟಾಗಿ ಮತ್ತೆ ಕೋರ್ಟಿಗೆ ಹೋದರು. ಈ ಸಲ ಅವರು ಒಬ್ಬನ ಮೇಲೆ ದೂರು ಹೇಳಲಿಲ್ಲ. ಸೂರ್ಯ ಹುಟ್ಟುವ ಮೊದಲು ಒಂದು ವಿಮಾನವೂ ಮೇಲೇರಕೂಡದು ಎಂದು ಕೇಳಿಕೊಂಡರು. ನ್ಯಾಯಾಧೀಶರು ಯಂತ್ರಗಳ ಲೆಕ್ಕ ನೋಡಿದರು, ನಿದ್ದೆಗೆಟ್ಟ ಮುಖಗಳನ್ನೂ ನೋಡಿದರು. ಹಾಗೆಯೇ ಆಗಲಿ ಎಂದರು.

ಹಿರಿಯ ವರ್ತಕ ಆ ವಾರವೇ ತನ್ನ ವಿಮಾನಗಳನ್ನು ಇನ್ನೊಂದು ಪಟ್ಟಣಕ್ಕೆ ಒಯ್ದ. ಅವನಿಗೆ ಅಲ್ಲೂ ಸರದಿಗಳಿದ್ದವು. ಕಿರಿಯ ವರ್ತಕನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅರ್ಧ ಖಾಲಿ ಹೋಗುವ ಹಗಲಿನ ವಿಮಾನದಿಂದ ಖರ್ಚೂ ಹುಟ್ಟಲಿಲ್ಲ.

ಎಲ್ಲ ಮಾರಿ ಮುಗಿದ ಮೇಲೆ ಅವನು ಕೊನೆಯ ಸಲ ಮುದುಕಿಯ ಮನೆಗೆ ಹೋದ. ಯಾರಿಗಾದರೂ ತನ್ನಿಂದ ಒಳ್ಳೆಯದಾಗಿದೆ ಎಂಬ ಒಂದು ಮಾತನ್ನು ಕೇಳಿಕೊಂಡು ಹೋಗಬೇಕೆಂಬ ಆಸೆ ಅವನಿಗೆ. ಅವಳು ಮೊದಲಿಗಿಂತ ಅರ್ಧವಾಗಿದ್ದಳು.

"ಅಜ್ಜೀ, ಈಗಲಾದರೂ ನೆಮ್ಮದಿಯಾಗಿ ಮಲಗುತ್ತೀರಲ್ಲ," ಎಂದ.

"ಮಲಗ್ತೀನಿ ಮಗಾ. ಆ ಹೊತ್ತಿಗೆ ಎಚ್ಚರ ಆಗ್ತದೆ. ಇನ್ನು ಬರಾಕಿಲ್ಲ ಅಂತ ನನಗೂ ಗೊತ್ತು. ಆದ್ರೂ ಇನ್ನೂ ಬರಲಿಲ್ವಲ್ಲಾ ಅಂತ ಕಾಯ್ತಾ ಕೂರ್ತೀನಿ."

ಅವನು ಎದ್ದು ಹೋದ.

ಕೊನೆಗೆ ಆದ ನಷ್ಟ ಇಷ್ಟು. ಐದು ಸರದಿಯೂ ಹೋದವು. ಕಿರಿಯ ವರ್ತಕನ ಎರಡು ವಿಮಾನ ಹೋದವು, ಅವನನ್ನು ನಂಬಿದ್ದವರ ಅನ್ನ ಹೋಯಿತು. ಪಟ್ಟಣದ ರೋಗಿಗಳು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡುತ್ತಾ ರಾಜಧಾನಿಗೆ ಹೋಗುವಂತಾಯಿತು, ಎಲ್ಲರೂ ತಲುಪಲಿಲ್ಲ. ಹಿರಿಯ ವರ್ತಕನಿಗೆ ಏನೂ ಆಗಲಿಲ್ಲ. ಮುದುಕಿ ಸಾಯುವವರೆಗೂ ನಿಶ್ಶಬ್ದವಾದ ಆಕಾಶದ ಕೆಳಗೆ ಎಚ್ಚರವಾಗಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ವಾಮನಮೂರ್ತಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಕಿರಿಯ ವರ್ತಕ ಹೇಳಿದ್ದು ನಿಜವೇ ತಾನೇ? ಸದ್ದು ಇದ್ದದ್ದು ಹೌದಲ್ಲ?"

"ಹೌದು, ಇತ್ತು. ಈಗ ಹೇಳು, ನೀನು ಯಾರ ಸದ್ದನ್ನು ನಮ್ಮ ಕಿವಿಗೆ ಹಾಕಬೇಕೆಂದು ಎದ್ದು ನಿಂತೆ?" ಎಂದರು ಗುರುಗಳು.