ಹಳೆಯ ಹಾಸಿನ ತುದಿ

ಹೊಳೆಕೋಟೆಯಲ್ಲಿ ಡಂಗುರ ಬಿತ್ತು. "ಕೇಳ್ರಪ್ಪೋ ಕೇಳಿ! ನೇಕಾರಗೇರಿ ಕ್ರೈಸ್ತರ ಜಗಳ ಕೇಳಿ ಕೇಳಿ ದೊರೆಗಳಿಗೆ ತಲೆನೋವು ಬಂದಿದೆ. ಪ್ರಾರ್ಥನಾಲಯಕ್ಕೆ ಬೀಗ ಬಿದ್ದಿದೆ. ಮೂರು ಒಗಟು ಬಿಡಿಸಿದವರಿಗೆ ಬೀಗದ ಕೈ. ಒಂದು ತಪ್ಪಿದರೂ ತಲೆ ಹೋದೀತು!"

ನೇಕಾರಗೇರಿಯ ಮುದುಕಿ ತಬಿತಮ್ಮ ಹಣೆ ಚಚ್ಚಿಕೊಂಡಳು. ಜಗಳವಾದರೂ ಎಂಥದ್ದು? ಹಿರಿಯರು ಮುಂದಿನ ಬೆಂಚು ಬಿಡುವುದಿಲ್ಲ, ಹುಡುಗರು ಹಿರಿಯರ ಮಾತು ಕೇಳುವುದಿಲ್ಲ. ಇಷ್ಟಕ್ಕೆ ಅರಮನೆಗೆ ದೂರು! ಪೊರೆ ಬಂದ ಕಣ್ಣು, ನೋಯುವ ಮೊಣಕಾಲು ಹೊತ್ತು, ತನ್ನ ಮಗ್ಗದಲ್ಲಿ ಕಸುಬು ಕಲಿಯುತ್ತಿದ್ದ ಸಿಲಾಸನ ತೋಳು ಹಿಡಿದು ಅವಳೂ ಅರಮನೆಗೆ ಹೊರಟಳು.

ದೊರೆ ಕೇಳಿದ, "ಹೋದವನ ಜೊತೆ ಹೋಗುವುದಿಲ್ಲ, ಬರುವವನಿಗಾಗಿ ಕಾದಿರುತ್ತದೆ. ಏನದು?"

ಹುಡುಗರ ಮುಖಂಡ ಸ್ತೇವನಪ್ಪ ಎದೆಯುಬ್ಬಿಸಿ, "ಕೀರ್ತಿ!" ಎಂದ.

"ನಿನ್ನ ಕೀರ್ತಿ ಯಾರಿಗಾಗಿ ಕಾಯುತ್ತೆ? ಹಿಡಿಯಿರಿ ಇವನನ್ನ. ಎರಡನೆಯದು. ಕಳ್ಳ ಕದಿಯಲಾರದ, ಬೆಂಕಿ ಸುಡಲಾರದ, ಕಣ್ಣು ಹೋದರೂ ಓದಬಹುದಾದ ಪುಸ್ತಕ ಯಾವುದು?"

ಹಿರಿಯರ ಕಡೆಯ ಆಮೋಸಪ್ಪ ಗಂಟಲು ಸರಿಮಾಡಿಕೊಂಡು, "ಸತ್ಯವೇದ" ಎಂದ.

"ಅದರ ಕಾಗದ ಸುಡೋದಿಲ್ಲವೇನಯ್ಯ? ಇವನನ್ನೂ ಹಿಡಿಯಿರಿ."

ಆಗ ಸಿಲಾಸ ಎದ್ದ. ತಬಿತಮ್ಮ ಅವನ ಅಂಗಿ ಜಗ್ಗಿದಳು. "ಕೂತ್ಕೊಳೋ ಕತ್ತೆ! ನಿನ್ನೆ ತಾನೇ ಎರಡು ಎಳೆ ಅದಲುಬದಲು ಮಾಡಿದವನು ನೀನು."

"ಅವರಿಬ್ಬರ ತಲೆ ಹೋಗುತ್ತಲ್ಲ ಅಜ್ಜಿ."

"ಮೂರಾಗೋದು ಬೇಡ ಅಂತ ಹೇಳ್ತಿದೀನಿ!"

ಅವನು ಕೇಳಲಿಲ್ಲ. "ಮೊದಲನೆಯದು ಹೆಜ್ಜೆಗುರುತು ದೊರೆಗಳೇ. ಹೋದವರು ಬಿಟ್ಟು ಹೋಗುತ್ತಾರೆ, ಹಿಂದೆ ಬರುವವರು ಅದರಲ್ಲಿ ಕಾಲಿಡುತ್ತಾರೆ. ಎರಡನೆಯದು ಹಿರಿಯರ ನೆನಪು. ದಿನಾ ಸಂಜೆ ನಾನು ಸತ್ಯವೇದ ಓದುತ್ತೇನೆ. ಅಜ್ಜಿಗೆ ಒಂದಕ್ಷರ ಕಾಣುವುದಿಲ್ಲ. ಆದರೂ ತಪ್ಪು ಓದಿದರೆ ಬಿಡುವುದಿಲ್ಲ."

ದೊರೆ ಮೀಸೆಯಡಿ ನಕ್ಕ. "ಮೂರನೆಯದು. ಮುಗಿದದ್ದನ್ನು ಪೂರ್ತಿ ಕತ್ತರಿಸಿ ಎಸೆದರೆ ಹೊಸದು ನಿಂತುಬಿಡುತ್ತದೆ. ಚೂರು ಉಳಿಸಿದರೆ ಹೊಸದು ಸಲೀಸಾಗಿ ಸಾಗುತ್ತದೆ. ಏನದು?"

ಸಿಲಾಸ ತಲೆ ತಗ್ಗಿಸಿದ. ಭಟ ಕತ್ತಿ ಹಿರಿದ ಸದ್ದು ಕೇಳಿಸಿತು. ಅಯ್ಯೋ ಪೆದ್ದೇ, ಎಂಟು ದಿನ ಬೈಸಿಕೊಂಡದ್ದು ಮರೆತೆಯಾ ಎಂದು ತಬಿತಮ್ಮನ ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿ ತಡೆದಳು.

"ಹೇಳೋಕೆ ನಾಚಿಕೆ ಆಗುತ್ತೆ ದೊರೆಗಳೇ," ಎಂದ ಸಿಲಾಸ. "ಅದು ನೇಯ್ದ ಬಟ್ಟೆ ಕತ್ತರಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ಹಳೆಯ ಹಾಸಿನ ತುದಿ, ಅಂದರೆ ಉದ್ದ ಎಳೆಗಳ ಕೊನೆ. ಹೊಸ ಎಳೆಗಳನ್ನು ಅದಕ್ಕೇ ಕೆಚ್ಚಿ, ಗಂಟು ಹಾಕಿ ಎಳೆದರೆ ಸಾಕು, ಹಳೆಯದೇ ದಾರಿ ತೋರಿಸುತ್ತದೆ. ಮೊದಲ ವರ್ಷ ಚೊಕ್ಕಟವಾಗಲಿ ಅಂತ ಅದನ್ನು ಕತ್ತರಿಸಿ ಬಿಸಾಡಿದೆ. ಸಾವಿರದ ಇನ್ನೂರು ಎಳೆಗಳನ್ನು ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಒಂದೊಂದಾಗಿ ತೂರಿಸಬೇಕಾಯ್ತು. ಅಜ್ಜಿ ಎಂಟು ದಿನ ಬೈದರು. ಎಂಟು ದಿನವೂ ಪಕ್ಕದಲ್ಲೇ ಕೂತಿದ್ದರು."

ದೊರೆ ತನ್ನ ಶಲ್ಯ ಎತ್ತಿ ಹಿಡಿದ. "ಇದನ್ನು ನೇಯ್ದ ಜನ ನೀವು! ಮಗ್ಗದಲ್ಲಿ ಗೊತ್ತಿರೋದು ಬೆಂಚಿನ ಮೇಲೆ ಗೊತ್ತಾಗಲಿಲ್ಲವೇ?" ಬೀಗದ ಕೈ ಕೊಟ್ಟ. "ಇನ್ನೇನು ಬೇಕು, ಕೇಳು."

"ಅವರಿಬ್ಬರ ತಲೆ, ಸ್ವಾಮಿ. ಕತ್ತಿನ ಮೇಲೇ ಇರಲಿ."

ಭಾನುವಾರ ತಬಿತಮ್ಮ ಬೆಂಚುಗಳ ಮೇಲೆ ಒಬ್ಬ ಹಿರಿಯ, ಒಬ್ಬ ಹುಡುಗ ಎಂದು ಕೂರಿಸಿದಳು. ಆಮೋಸಪ್ಪ ಗೊಣಗಿದ, ಸ್ತೇವನಪ್ಪನೂ ಗೊಣಗಿದ. ಸಿಲಾಸ ಓದತೊಡಗಿದ.

"ಒಂದು ಪದ ನುಂಗಿದೆ," ಎಂದಳು ತಬಿತಮ್ಮ, ಕಣ್ಣು ಮುಚ್ಚಿಕೊಂಡೇ. "ಮೊದಲಿನಿಂದ ಓದು."

ಪಕ್ಕದಲ್ಲಿದ್ದ ಸ್ತೇವನಪ್ಪ ಮೆಲ್ಲಗೆ ಕೇಳಿದ, "ಯಾವ ಪದ ಅಜ್ಜಿ?"

"ದೇವರೇ, ಇನ್ನೊಂದು ಕತ್ತೆ ಸಿಕ್ಕಿತು," ಎಂದು ನಿಟ್ಟುಸಿರಿಟ್ಟು, ಅವಳು ಸರಿದು ಅವನಿಗೆ ಇನ್ನಷ್ಟು ಜಾಗ ಕೊಟ್ಟಳು.