ವೈರ್‌ಲೆಸ್ ಕೋಣೆಯ ಗಂಟೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಬೆಳಗಿನಿಂದ ಸಂಜೆಯವರೆಗೆ ದೇವರನ್ನು ಬೇಡುತ್ತಲೇ ಇರುತ್ತೇನೆ. ಉತ್ತರ ಬರುವುದಿಲ್ಲ. ಇನ್ನೂ ಎಷ್ಟು ಬೇಡಬೇಕು?"

ಗುರು ಹೇಳಿದರು:

ಒಂದು ಮೀನುಗಾರಿಕೆ ಬಂದರಿನಲ್ಲಿ ಜಲಜಾಕ್ಷಿ ಎಂಬ ಹೆಂಗಸು ವೈರ್‌ಲೆಸ್ ಕೋಣೆ ನೋಡಿಕೊಳ್ಳುತ್ತಿದ್ದಳು. ಬಿರುಗಾಳಿಯ ಮುನ್ಸೂಚನೆ ಹವಾಮಾನ ಕಚೇರಿಯಿಂದ ಇಮೇಲಿನಲ್ಲಿ ಬರುತ್ತಿತ್ತು. ಅದನ್ನು ಓದಿ ಕಡಲಿನಲ್ಲಿರುವ ದೋಣಿಗಳಿಗೆ ತಿಳಿಸುವುದು ಅವಳ ಕೆಲಸ. ಅಲ್ಲಿ ಇಂಟರ್ನೆಟ್ ಬಹಳ ನಿಧಾನ. ಹಾಗಾಗಿ ಅವಳ ಕಂಪ್ಯೂಟರಿನಲ್ಲಿದ್ದದ್ದು ಚಿತ್ರಗಳಿಲ್ಲದ, ಬರೀ ಅಕ್ಷರಗಳ ಇಮೇಲ್ ಪ್ರೋಗ್ರಾಂ. ಅದು ಆಗಾಗ ಸರ್ವರಿಗೆ ಹೋಗಿ, ಹೊಸದೇನಾದರೂ ಇದೆಯೇ ಎಂದು ಕೇಳಿ, ಸಂಪರ್ಕ ಕಡಿದುಕೊಂಡು ಮರಳುತ್ತಿತ್ತು.

ಒಮ್ಮೆ ಅದು ಕೇಳಿ ಮರಳಿದ ಬೆನ್ನಿಗೇ ಮುನ್ಸೂಚನೆ ಬಂತು. ಮತ್ತೆ ಕೇಳುವವರೆಗೆ ಸರ್ವರಿನಲ್ಲೇ ಉಳಿಯಿತು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಒಂದು ದೋಣಿ ಒಡೆಯಿತು. ಜನ ಬದುಕಿದರು, ಒಬ್ಬ ಕಾಲು ಕಳೆದುಕೊಂಡ.

ಜಲಜಾಕ್ಷಿಗೆ ಊಟ ಸೇರಲಿಲ್ಲ. ಪ್ರೋಗ್ರಾಂ ಬಿಡುವಿಲ್ಲದೆ ಕೇಳುತ್ತಿರುವಂತೆ ಸೆಟ್ಟಿಂಗ್ ಬದಲಿಸಿದಳು. ಅದೂ ಸಾಲದೆಂದು, ಹೊಸ ಇಮೇಲ್ ಬಂತೇ ಎಂದು ತಾನೇ ಕಂಪ್ಯೂಟರಿನ ಕೀಲಿ ಒತ್ತುತ್ತ ಕುಳಿತಳು. ಆ ಕಾಟ ತಾಳದೆ ಸರ್ವರ್ ಅವಳ ಖಾತೆಯನ್ನೇ ಸ್ವಲ್ಪ ಹೊತ್ತು ತಡೆದುಬಿಟ್ಟಿತು. ಅವಳಿಗೆ ಅಳು ಬಂತು.

ಮರುದಿನ ಪ್ರೋಗ್ರಾಮಿನ ಕೈಪಿಡಿಯನ್ನು ಮೊದಲಿನಿಂದ ಓದಿದಳು. ಸಂಪರ್ಕ ಕಡಿಯದೆ ಹಿಡಿದುಕೊಂಡಿದ್ದರೆ, ಇಮೇಲ್ ಬಂದ ಕ್ಷಣವೇ ಸರ್ವರ್ ತಾನಾಗಿ ತಿಳಿಸುತ್ತದೆ ಎಂದು ಅಲ್ಲಿತ್ತು. ಸೆಟ್ಟಿಂಗಿನ ಕಡತದಲ್ಲಿ ಅದಕ್ಕೊಂದು ಸಾಲು ಬರೆದಳು. ಸಂಪರ್ಕ ಸದ್ದಿಲ್ಲದೆ ತಪ್ಪಿಹೋದರೆ ಮತ್ತೆ ಕೂಡಿಸಿಕೊಳ್ಳಲು ಇನ್ನೊಂದು ಸಾಲು. ಇಮೇಲ್ ಬಂದರೆ ಗಂಟೆ ಬಾರಿಸಲು ಮತ್ತೊಂದು. ಮೊದಲ ದಿನ ಸೀರೆ ಅಂಗಡಿಯ ಜಾಹೀರಾತಿಗೂ ಗಂಟೆ ಬಾರಿಸಿತು. ಹವಾಮಾನ ಕಚೇರಿಯ ಇಮೇಲಿಗೆ ಮಾತ್ರ ಬಾರಿಸುವಂತೆ ತಿದ್ದಿದಳು. ಆಮೇಲೆ ಕೀಲಿಮಣೆಯಿಂದ ಕೈ ತೆಗೆದಳು.

ಹಲವು ದಿನ ಗಂಟೆ ಸುಮ್ಮನಿತ್ತು. ಕೀಲಿ ಒತ್ತಿ ನೋಡಲು ಅವಳ ಬೆರಳು ತುಡಿಯುತ್ತಿತ್ತು. ಒತ್ತಲಿಲ್ಲ.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಕುಳಿತಿದ್ದಾಗ ಗಂಟೆ ಬಾರಿಸಿತು. ಇಮೇಲ್ ಓದಿದವಳೇ ಎಂಜಲು ಕೈಯಲ್ಲೇ ವೈರ್‌ಲೆಸ್ ಹಿಡಿದು ಎಲ್ಲ ದೋಣಿಗಳಿಗೂ ಕೂಗಿ ಹೇಳಿದಳು. ಒಂದೊಂದೇ ದೋಣಿ ದಡದ ಕಡೆ ತಿರುಗಿತು. ಅವಳ ಅಣ್ಣನದು ಮಾತ್ರ ತಿರುಗಲಿಲ್ಲ.

"ಬಲೆ ತುಂಬ ಬಂಗುಡೆ ಬಿದ್ದಿದೆ, ತಂಗಿ. ಕಡಲೂ ಶಾಂತವಾಗಿದೆ. ಎಳೆದುಕೊಂಡೇ ಬರುತ್ತೇನೆ" ಎಂದ.

"ಬಲೆ ಕಡಿ, ಅಣ್ಣ! ಸುದ್ದಿ ಈಗಷ್ಟೇ ಬಂದದ್ದು, ಇನ್ನೂ ಹೊತ್ತಿದೆ. ಕಡಿದು ಹೊರಡು!"

ಅವನು ಕಡಿದ. ಎಲ್ಲರಿಗಿಂತ ಕೊನೆಗೆ ಬಂದರಿನೊಳಗೆ ನುಗ್ಗಿದ. ಅವನ ಹಿಂದೆಯೇ ಗಾಳಿ ಅಪ್ಪಳಿಸಿತು. ಅಲೆಗಳು ತಡೆಗೋಡೆಯನ್ನೂ ಮೀರಿ ಹಾರಿದವು. ಹೊರಗೆ ಒಂದು ದೋಣಿಯೂ ಉಳಿದಿರಲಿಲ್ಲ. ದೋಣಿಗಳು ಬಂದು ನಿಲ್ಲುವ ದಕ್ಕೆಯ ಮೇಲೆ ಹೆಂಗಸರು ಮೀನಿನ ಬುಟ್ಟಿಗಳನ್ನು ಬಡಿಯುತ್ತ ಕೇಕೆ ಹಾಕಿದರು. ಕಾಲು ಕಳೆದುಕೊಂಡವನು ಊರುಗೋಲನ್ನು ಮೇಲೆತ್ತಿ ಕೂಗಿದ. ಅಣ್ಣ ತೊಯ್ದ ಬಟ್ಟೆಯಲ್ಲೇ ವೈರ್‌ಲೆಸ್ ಕೋಣೆಗೆ ಓಡಿಬಂದು, ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಆ ಮಳೆಗಾಳಿಯಲ್ಲೇ ಜನರ ನಡುವೆ ಮೆರೆಸಿದ.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಬೇಡುವುದು ತಪ್ಪೇ?" ಎಂದ ಶಿಷ್ಯ.

ಗುರು ಹೇಳಿದರು: "ಬೇಡಿದ ಮೇಲೆ ಎಂದಾದರೂ ಸುಮ್ಮನೆ ಕೂತು ಆಲಿಸಿದ್ದೀಯಾ?"