ಇಬ್ಬರಿಗೂ ನಗು ಬರುವ ಆಟ

ಕೆರೆದಂಡೆಯ ಶಾಲೆಗೆ ಬರುವ ಆಮೆಮರಿ ಬೋಗಣ್ಣನನ್ನು ಕೋತಿಮರಿ ಚಂಗ ದಿನವೂ ಅಂಗಾತ ಕೆಡವಿ ನಗುತ್ತಿದ್ದ. ಮೊದಲೆಲ್ಲ ಚುರುಕಾಗಿ ಮಗ್ಗಿ ಹೇಳುತ್ತಿದ್ದ ಬೋಗಣ್ಣ ಬರಬರುತ್ತಾ ಮಾತೇ ಬಿಟ್ಟ.

ಒಂದು ಬೆಳಿಗ್ಗೆ ಹಾಗೆ ಬಿದ್ದೆದ್ದು ಬರುವಾಗ ಅವನಿಗೆ ಬಸವನಹುಳು ಸಿಂಗಾರಿ ಎದುರಾದಳು. ಸಿಟ್ಟಿನಲ್ಲಿ ಅವಳನ್ನು ಕೆಸರಿಗೆ ತಳ್ಳಿ ಅವನೂ ನಕ್ಕ.

"ಬೋಗಣ್ಣ, ನೀನೂ ಚಂಗನ ಹಾಗೇ ನಗುತ್ತೀಯಲ್ಲ," ಎಂದಳು ಸಿಂಗಾರಿ.

ಬೋಗಣ್ಣನಿಗೆ ನಾಚಿಕೆಯಾಯಿತು. ಅವಳನ್ನು ಮೇಲೆತ್ತಿ, ತಪ್ಪಾಯಿತೆಂದು ಹೇಳಿ, ಬೆನ್ನಮೇಲೆ ಕೂರಿಸಿಕೊಂಡು ನೇರವಾಗಿ ಶಾಲೆಯಲ್ಲಿದ್ದ ಚಂಗನ ಬಳಿ ಹೋದ.

"ಇನ್ನು ನನ್ನನ್ನು ಕೆಡವಬೇಡ," ಎಂದ.

"ನಾನು ಆಟಕ್ಕೆ ಮಾಡಿದ್ದು," ಎಂದ ಚಂಗ.

"ಆಟವಾದರೆ ಇಬ್ಬರಿಗೂ ನಗು ಬರಬೇಕು. ನನಗೆ ಒಂದು ದಿನವೂ ಬರಲಿಲ್ಲ."

ಉಳಿದ ಮರಿಗಳೆಲ್ಲ ಬಂದು ಬೋಗಣ್ಣನ ಪಕ್ಕ ನಿಂತವು. ಚಂಗ ತಲೆ ಕೆರೆದುಕೊಂಡ. "ಹಾಗಾದರೆ ಅಂಥ ಆಟ ಯಾವುದು?"

"ಜಾರಾಟ," ಎಂದಳು ಸಿಂಗಾರಿ.

"ಸರಿ, ಇವತ್ತಿನ ಮೊದಲ ಪಾಠ ಅದೇ," ಎಂದರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಕೊಕ್ಕರೆ ಟೀಚರ್.

ದಂಡೆಯ ಒದ್ದೆ ಮಣ್ಣಿನ ಮೇಲೆ ಒಬ್ಬೊಬ್ಬರಾಗಿ ಕೇಕೆ ಹಾಕುತ್ತಾ ಜಾರಿ ನೀರಿಗೆ ಬೀಳತೊಡಗಿದರು. ಚಂಗ ಮಾತ್ರ ಸಾಲಿನ ಕೊನೆಗೆ ಹೋಗಿ ಸಿಂಗಾರಿಯ ಹಿಂದೆ ನಿಂತ.

"ಸಿಂಗಾರಿ, ನಿಧಾನವಾಗಿ ಹೋಗು," ಎಂದ. "ನಾನು ಕಾಯುತ್ತೇನೆ."